ಬಾಡಿಗೆಗೆ ಮನೆ ಇದೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಹೇಳಿದವರು ಸ್ವಂತ ನೆಲವಿದ್ದ ಹಳ್ಳಿಯವರಿರಬೇಕು. ಪಟ್ಟಣದಲ್ಲಿ ಸಂಸಾರ ಹೂಡಿದವರಾಗಿದ್ದರೆ, ಬಾಡಿಗೆಗೆ ಮನೆ ಹುಡುಕಿ ನೋಡು ಎಂಬುದನ್ನೂ ಅದರ ಜೊತೆಗೆ ಸೇರಿಸುತ್ತಿದ್ದರು. ನಿಮ್ಮಲ್ಲಿ ಅನೇಕರಿಗೆ ಈ ಅನುಭವ ಹೊಸದಲ್ಲ. ಬೀದಿ ಬೀದಿ ಅಲೆದು, ಹಲಗೆ ತೂಗುವ ಮನೆಯೊಂದನ್ನು ಕಂಡು, ಗೇಟಿನ ಚಿಲಕ ಸದ್ದು ಮಾಡಿ ನಿಂತಿರುತ್ತೀರಿ. ಯಜಮಾನರು ಹೊರಗೆ ಬರುತ್ತಾರೆ. ಮನೆಯಲ್ಲಿ ಎಷ್ಟು ಜನ, ಕೆಲಸ ಎಲ್ಲಿ, ಊರು ಯಾವುದು ಎಂದು ವಿಚಾರಿಸುತ್ತಾರೆ. ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಅನಂತರ ಸ್ವಲ್ಪ ಕೆಮ್ಮಿ, "ತಮ್ಮ ಪೂರ್ತಿ ಹೆಸರು?" ಎನ್ನುತ್ತಾರೆ. ಹೆಸರಿನಿಂದಲೂ ತಿಳಿಯದೆ ಹೋದರೆ, "ತಾವು ಯಾವ ಪೈಕಿ?" ಎಂದು ಬಾಯಿಬಿಟ್ಟೇ ಕೇಳುತ್ತಾರೆ. ಈ ಕೊನೆಯ ಪ್ರಶ್ನೆಯ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

೧೯೭೮ರಲ್ಲಿ ನನಗೆ ದಾವಣಗೆರೆಯಿಂದ ಬೆಂಗಳೂರಿಗೆ ವರ್ಗವಾಯಿತು. ತಾಯಿ, ಹೆಂಡತಿ, ನಾಲ್ಕು ವರ್ಷದ ಮಗ, ಇಷ್ಟು ನಮ್ಮ ಸಂಸಾರ. ನಮ್ಮ ಜನ ಹೆಚ್ಚಾಗಿರುವ ಕಡೆಯೇ ಮನೆ ಹಿಡಿಯಬೇಕೆಂದು ತಾಯಿಯವರ ಅಪ್ಪಣೆ. ಎರಡು ಭಾನುವಾರ ಅಲೆದೆ. ಮನೆ ಇದ್ದ ಕಡೆ ಬಾಡಿಗೆ ಎಟುಕದು. ಬಾಡಿಗೆ ಎಟುಕಿದ ಕಡೆ ಮನೆ ಇಲ್ಲ. ಎರಡೂ ಕೂಡಿಬಂದ ಒಂದು ಮನೆಯ ಯಜಮಾನರು ಜಾತಿಯನ್ನು ಕೇಳಿ ಸಂತೋಷಪಟ್ಟರು. ಅಲ್ಲಿಗೆ ನಿಲ್ಲದೆ ಒಳಪಂಗಡಕ್ಕೆ ಇಳಿದರು. ಅದು ಬೇರೆಯೆಂದು ತಿಳಿದ ಕೂಡಲೇ, "ಅಯ್ಯೋ, ಮನೆ ಆಗಲೇ ಮಾತಾಗಿಬಿಟ್ಟಿದೆಯಲ್ಲ" ಎಂದರು. ಹಲಗೆ ಮಾತ್ರ ಮುಂದಿನ ಭಾನುವಾರವೂ ಅಲ್ಲೇ ತೂಗುತ್ತಿತ್ತು.

ಕೊನೆಗೆ ಕಚೇರಿಯ ಮಿತ್ರರೊಬ್ಬರು ನನ್ನನ್ನು ಫ್ರೇಜರ್ ಟೌನಿಗೆ ಕರೆದುಕೊಂಡು ಹೋದರು. ೧೮೯೮ರ ಪ್ಲೇಗಿನ ಅನಂತರ, ದಂಡಿನ ಇಕ್ಕಟ್ಟಾದ ಕೇರಿಗಳ ಜನ ಗಾಳಿ ಬೆಳಕಿನಲ್ಲಿ ಬಾಳಲಿ ಎಂದು ನಿರ್ಮಿಸಿದ ಬಡಾವಣೆ ಅದು. ಮೈಸೂರಿನ ರೆಸಿಡೆಂಟರಾಗಿದ್ದ ಸ್ಟೂವರ್ಟ್ ಫ್ರೇಜರ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಈಗ ಅದಕ್ಕೆ ಪುಲಕೇಶಿನಗರವೆಂಬ ಹೆಸರೂ ಇದೆ. ದಂಡು, ಪೇಟೆ ಎರಡೂ ಒಂದೇ ನಗರಸಭೆಯ ಆಡಳಿತಕ್ಕೆ ಬಂದದ್ದು ೧೯೪೯ರಲ್ಲಿ. ಅಲ್ಲಿಯವರೆಗೆ ಅವು ಎರಡು ಊರುಗಳಂತೆಯೇ ಇದ್ದವು. ನಾನು ಹೋದ ಬೀದಿಯಲ್ಲಿ ತಮಿಳು, ಉರ್ದು, ಇಂಗ್ಲಿಷು, ಕನ್ನಡ ನಾಲ್ಕೂ ಒಂದೇ ತರಕಾರಿ ಗಾಡಿಯ ಸುತ್ತ ಚೌಕಾಸಿ ಮಾಡುತ್ತಿದ್ದವು.

ಹಳೆಯ ದೊಡ್ಡ ಮನೆಯೊಂದನ್ನು ನಾಲ್ಕು ಪಾಲು ಮಾಡಿದ್ದರು. ಮುಂಭಾಗದಲ್ಲಿ ಯಜಮಾನರು, ನಿವೃತ್ತರಾದ ಕ್ರೈಸ್ತ ವೃದ್ಧರು. ಪಕ್ಕದಲ್ಲಿ ರೈಲ್ವೆಯಲ್ಲಿದ್ದ ತಮಿಳರು, ಹಿಂಭಾಗದಲ್ಲಿ ಬಟ್ಟೆ ವ್ಯಾಪಾರದ ಮುಸಲ್ಮಾನರ ಸಂಸಾರ. ಮಹಡಿಯ ಮೂರು ಕೋಣೆ ಖಾಲಿ. ಯಜಮಾನರು ನನ್ನನ್ನು ಮೂರೇ ಪ್ರಶ್ನೆ ಕೇಳಿದರು. "ಬಾಡಿಗೆ ಐದನೆಯ ತಾರೀಖಿನೊಳಗೆ ಬರುತ್ತದೆಯೆ? ನಲ್ಲಿಯನ್ನು ನಿಲ್ಲಿಸುವ ಅಭ್ಯಾಸ ಉಂಟೆ? ಹುಡುಗ ರಾತ್ರಿ ಹತ್ತರ ಮೇಲೆ ಮರದ ಮೆಟ್ಟಿಲ ಮೇಲೆ ಓಡುತ್ತಾನೆಯೆ?" ಮೊದಲನೆಯ ಎರಡಕ್ಕೆ ಧೈರ್ಯವಾಗಿ ಉತ್ತರ ಕೊಟ್ಟೆ. ಮೂರನೆಯದಕ್ಕೆ, "ಪ್ರಯತ್ನ ಮಾಡುತ್ತೇವೆ ಸಾರ್" ಎಂದೆ. ಅವರು ನಕ್ಕು ಬೀಗದ ಕೈ ಕೊಟ್ಟರು. ನನ್ನ ಹೆಸರನ್ನು ಕೇಳಿದ್ದು ರಸೀತಿ ಬರೆಯುವಾಗ.

ತಾಯಿಯವರಿಗೆ ಸಮಾಧಾನವಿಲ್ಲ. ಹಿಂದಿನ ಮನೆಯ ಅಡಿಗೆಯ ವಾಸನೆ ನಮ್ಮ ದೇವರ ಗೂಡಿಗೆ ಬರುತ್ತದೆಂಬ ಅಂಜಿಕೆ. ಸಾಮಾನು ಇಳಿಸಿದ ದಿನವೇ ಆ ಕಡೆಯ ಕಿಟಕಿಯನ್ನು ಭದ್ರವಾಗಿ ಹಾಕಿಸಿದರು. ಒಂದು ವಾರ ಕಳೆಯಿತು. ದೂರು ಬಂದದ್ದು ನಿಜ. ಆದರೆ ಬಂದದ್ದು ನಮ್ಮ ಮೇಲೆ! ನಮ್ಮ ಬಚ್ಚಲ ಒಲೆಯ ಹೊಗೆ ಕೆಳಕ್ಕೆ ಸುತ್ತಿ, ಹಿಂದಿನ ಮನೆಯವರು ಒಣಹಾಕಿದ ಬಟ್ಟೆಯನ್ನೆಲ್ಲ ಕಪ್ಪು ಮಾಡುತ್ತಿತ್ತು. ಆ ಮನೆಯಾಕೆ ಮೆಟ್ಟಿಲ ಕೆಳಗೆ ನಿಂತು, "ಅಮ್ಮಾ, ನಿಮ್ಮ ಒಲೆ ನಮ್ಮ ಕಣ್ಣು ತೆಗೀತಾ ಇದೆ" ಎಂದು ಮೆಲ್ಲಗೆ ಹೇಳಿದರು. ತಾಯಿಯವರು ಪೆಚ್ಚಾದರು. ಒಂದು ಗಳಿಗೆ ಸುಮ್ಮನಿದ್ದು, "ಬೆಳಗಿನ ಜಾವಕ್ಕೇ ಹಚ್ಚಿ ಮುಗಿಸ್ತೀನಮ್ಮ, ನೀವು ಆಮೇಲೆ ಬಟ್ಟೆ ಹಾಕಿ" ಎಂದರು. ಅಂದಿನಿಂದ ಹಾಗೆಯೇ ನಡೆಯಿತು. ತಾರಸಿಯ ಮೇಲೆ ಬೇಸಗೆಯ ಸಂಡಿಗೆಗೆ ಬಲಗಡೆ, ಅವರ ಬಟ್ಟೆಗೆ ಎಡಗಡೆ ಎಂದೂ ಗೊತ್ತಾಯಿತು. ಜಗಳಗಳು ಆಗಲಿಲ್ಲವೆಂದಲ್ಲ. ಆದರೆ ಆ ಮನೆಯಲ್ಲಿದ್ದ ಒಂಬತ್ತು ವರ್ಷಗಳಲ್ಲಿ ಆದ ಜಗಳಗಳೆಲ್ಲ ನೀರು, ಹೊಗೆ, ಸೈಕಲ್ಲು, ಮೆಟ್ಟಿಲು ಇವುಗಳದ್ದೇ. ದೇವರ ವಿಷಯವಾಗಿ ಒಂದೂ ಇಲ್ಲ.

ಆದ್ದರಿಂದ ಮನೆ ಹುಡುಕುವ ನಿಮಗೆ ನನ್ನ ಮೊದಲ ಸಲಹೆ: ನೆರೆಯವರು ಯಾರು ಎಂಬುದಕ್ಕಿಂತ, ನೆರೆಯವರೊಡನೆ ಏನೇನು ಹಂಚಿಕೊಳ್ಳಬೇಕು ಎಂಬುದನ್ನು ನೋಡಿ. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಲ್ಲರದ್ದೋ ಒಬ್ಬರದ್ದೋ, ವಿದ್ಯುತ್ ಮೀಟರು ಬೇರೆಯೋ, ಟ್ಯಾಂಕರಿನ ಹಣವನ್ನು ಹೇಗೆ ಹಂಚುತ್ತಾರೆ, ತಾರಸಿಗೆ ಹೋಗಬಹುದೆ, ಇಷ್ಟನ್ನು ಮುಂಗಡ ಕೊಡುವ ಮೊದಲೇ ಕೇಳಿ, ಕರಾರಿನಲ್ಲಿ ಬರೆಯಿಸಿ. ಹನ್ನೊಂದು ತಿಂಗಳ ಕರಾರು ಏಕೆಂದು ಅನೇಕರು ಕೇಳುತ್ತಾರೆ. ೧೯೦೮ರ ನೋಂದಣಿ ಕಾಯಿದೆಯಂತೆ ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಲೆಂದು ಹುಟ್ಟಿದ ರೂಢಿ ಇದು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದೂ ಬೆಂಗಳೂರಿನ ರೂಢಿಯೇ ಹೊರತು ಕಾನೂನಲ್ಲ. ೨೦೨೧ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ, ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯವು ತನ್ನ ಶಾಸನವನ್ನು ಮಾಡಿಕೊಂಡಲ್ಲಿ ಮಾತ್ರ ನಡೆಯುತ್ತದೆ. ಮುಂಗಡಕ್ಕೆ ರಸೀತಿ ಪಡೆಯಿರಿ. ಸುಣ್ಣಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎಂಬುದನ್ನೂ ಬರೆಯಿಸಿಕೊಳ್ಳಿ.

ಇನ್ನು ಜಾತಿ ಕೇಳಿ ಮನೆ ಇಲ್ಲವೆನ್ನುವುದಕ್ಕೆ ಕಾನೂನಿನ ತಡೆ ಇಲ್ಲವೆ ಎಂದು ಕೇಳಬಹುದು. ನಮ್ಮ ಸಂವಿಧಾನದ ೧೫ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಹೆಸರು ಹೇಳಿ, ಜಾತಿ ಮತಗಳ ಕಾರಣದಿಂದ ಅಲ್ಲಿ ಯಾರನ್ನೂ ತಡೆಯಬಾರದೆನ್ನುತ್ತದೆ. ಬಾಡಿಗೆ ಮನೆಯ ಹೆಸರು ಆ ಪಟ್ಟಿಯಲ್ಲಿಲ್ಲ. ೨೦೦೫ರಲ್ಲಿ ಅಹಮದಾಬಾದಿನ ಪಾರಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ, ಸಂಘವು ತನ್ನ ಸಮಾಜದವರಿಗೇ ಸದಸ್ಯತ್ವವನ್ನು ಮೀಸಲಿಡಬಹುದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹೀಗಾಗಿ ಮನೆಯ ಬಾಗಿಲಿನ ಮಟ್ಟಿಗೆ ಬಹುಪಾಲು ನಮ್ಮ ನಿಮ್ಮ ಮನಸ್ಸೇ ಕಾನೂನು.

ಆ ಮನಸ್ಸು ಎಂಥದೆಂದು ನನಗೆ ಗೊತ್ತಾದದ್ದು ೨೦೦೯ರಲ್ಲಿ. ಅಷ್ಟು ಹೊತ್ತಿಗೆ ನಾನು ಸ್ವಂತ ಮನೆ ಕಟ್ಟಿ, ಮೇಲೊಂದು ಮಹಡಿ ಎತ್ತಿ, ಹಲಗೆ ತೂಗುಹಾಕಿದ್ದೆ. ತರುಣನೊಬ್ಬ ಹೆಂಡತಿಯೊಡನೆ ಬಂದ. ಕೈಯಲ್ಲಿ ಪುಟ್ಟ ಮಗು. ಮಾತು ಸಭ್ಯವಾಗಿತ್ತು, ನೌಕರಿ ಭದ್ರವಾಗಿತ್ತು. ನಾನು ಸ್ವಲ್ಪ ಕೆಮ್ಮಿ, "ತಮ್ಮ ಪೂರ್ತಿ ಹೆಸರು?" ಎಂದೆ. ಆತ ಹೇಳಿದ. ನಾನು ಏನೆಂದೆ ಬಲ್ಲಿರಾ? "ಅಯ್ಯೋ, ಮನೆ ಆಗಲೇ ಮಾತಾಗಿಬಿಟ್ಟಿದೆಯಲ್ಲ." ಆತ ಹಲಗೆಯ ಕಡೆ ಒಮ್ಮೆ ನೋಡಿ, ನಮಸ್ಕಾರ ಮಾಡಿ ಹೊರಟುಹೋದ. ಒಳಗಿನಿಂದ ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಫ್ರೇಜರ್ ಟೌನಿನ ಆ ದೊಡ್ಡವರು ನಮಗೂ ಹೀಗೇ ಅಂದಿದ್ದರೆ ಎಲ್ಲಿಗೆ ಹೋಗ್ತಿದ್ವಿ ಹೇಳಿ" ಎಂದಷ್ಟೇ ಹೇಳಿ ಅಡಿಗೆಮನೆಗೆ ಹೋದಳು. ನಾನು ಬೀದಿಯ ಕೊನೆಯವರೆಗೂ ಓಡಿದೆ. ಅವರು ಆಟೋ ಹತ್ತಿ ಹೋಗಿಬಿಟ್ಟಿದ್ದರು. ನಾನು ಅವರ ಫೋನು ಸಂಖ್ಯೆಯನ್ನೂ ಕೇಳಿರಲಿಲ್ಲ.

ಆಮೇಲೆ ಮನೆಗೆ ಬಂದವರು ನಮ್ಮ ಜನವೇ, ಒಳಪಂಗಡವೂ ಒಂದೇ. ಕೆಟ್ಟವರಲ್ಲ. ಆದರೆ ತೊಟ್ಟಿ ತುಂಬಿ ಹರಿದರೂ ಮೋಟಾರು ನಿಲ್ಲಿಸುವ ಅಭ್ಯಾಸ ಅವರಿಗಿರಲಿಲ್ಲ. ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು, ಕೇಳಿದ್ದು ಇನ್ನೊಂದು.

ನಿಮ್ಮ ಮನೆಯ ಮುಂದೆ ನಾಳೆ ಹಲಗೆ ತೂಗಬಹುದು. ಮಗುವನ್ನು ಎತ್ತಿಕೊಂಡ ಯಾರೋ ಗೇಟಿನ ಚಿಲಕ ಸದ್ದು ಮಾಡಬಹುದು. ಬಾಡಿಗೆಯ ತಾರೀಖು, ನೀರಿನ ನಲ್ಲಿ, ಮೆಟ್ಟಿಲ ಸದ್ದು, ಈ ಮೂರನ್ನು ತಪ್ಪದೆ ಕೇಳಿ. ಹೆಸರನ್ನು ರಸೀತಿ ಬರೆಯುವಾಗ ಕೇಳಿದರೆ ಸಾಕು.