ಜೀತ ಬಿಡಿಸಿದ ಆಡಳಿತ

ದೇವರಾಜ ಅರಸು 1915ರ ಆಗಸ್ಟ್ 20ರಂದು ಹುಟ್ಟಿದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅವರ ಊರು. ಓದು ಮುಗಿಸಿ ಬೇಸಾಯಕ್ಕೆ ಮರಳಿದರು. ಆಮೇಲೆ ರಾಜಕೀಯ. 1972ರಲ್ಲಿ ಮೈಸೂರು ರಾಜ್ಯದ (ಇಂದಿನ ಕರ್ನಾಟಕ) ಮುಖ್ಯಮಂತ್ರಿಯಾದರು.

ಭೂಸುಧಾರಣೆ ಅವರ ದೊಡ್ಡ ಹೆಜ್ಜೆಗಳಲ್ಲಿ ಒಂದು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ ವಶವಾಯಿತು. ಉಳುವವನು ಹಕ್ಕಿಗಾಗಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಬಹುದಿತ್ತು. ಆ ಮಂಡಳಿಯ ರಚನೆಯಲ್ಲೇ ಅರಸರ ಕಳಕಳಿ ಕಾಣುತ್ತದೆ. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಹಣವಿದ್ದವನ ವಾದವೇ ಗೆಲ್ಲಬಾರದು, ಬಡವ ತನ್ನ ಮಾತಿನಲ್ಲೇ ತನ್ನ ಕಥೆ ಹೇಳಬೇಕು. ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕಿತ್ತು. ಎಷ್ಟು ಮಾನವೀಯ ಯೋಚನೆ!

ಜಮೀನೇ ಇಲ್ಲದವರ ಪಾಡು ಇನ್ನೂ ಕಠಿಣ. ಅಪ್ಪ ಮಾಡಿದ ಸಣ್ಣ ಸಾಲಕ್ಕೆ ಮಗ ಧಣಿಯ ಮನೆಯಲ್ಲಿ ದುಡಿಯುತ್ತಿದ್ದ. ಬಡ್ಡಿ ಬೆಳೆಯುತ್ತಿತ್ತು, ಸಾಲ ತೀರುತ್ತಿರಲಿಲ್ಲ. 1975ರ ಅಕ್ಟೋಬರ್‌ನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಜೀತವನ್ನು ರದ್ದು ಮಾಡಿತು. 1976ರಲ್ಲಿ ಅದು ಕಾಯ್ದೆಯಾಯಿತು. ಜೀತದ ಸಾಲವೂ ಅಳಿಸಿಹೋಯಿತು. ರಾಜ್ಯದಲ್ಲಿ ಅದನ್ನು ಜಾರಿಗೆ ತರುವ ಹೊಣೆ ಅರಸು ಸರ್ಕಾರದ್ದಾಯಿತು. ಅವರ ಸಂಪುಟದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು.

ಈ ಬದಲಾವಣೆ ರಾಜ್ಯದ ಎಲ್ಲ ಭಾಗಗಳಿಗೂ ಅನ್ವಯಿಸಿತು. ಲಿಂಗಸುಗೂರು ಸೀಮೆಯ ಮುದಗಲ್ ಊರನ್ನೇ ನೋಡಿ, ಅದು ಒಮ್ಮೆ ನಿಜಾಮರ ಆಡಳಿತದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಈ ಕಾನೂನುಗಳು ಲಿಂಗಸುಗೂರು, ಸಿಂಧನೂರು ಸೀಮೆಯ ಹೊಲಗಳಿಗೂ ಬಂದವು. ಕಾಗದದ ಮೇಲಿನ ಬಿಡುಗಡೆ ಎಲ್ಲ ಮನೆಗಳಿಗೂ ಒಮ್ಮೆಲೇ ತಲುಪಲಿಲ್ಲ. ಆದರೂ ಧಣಿಯ ಹಕ್ಕಿಗೆ ಕಾನೂನಿನ ಬೆಂಬಲ ತಪ್ಪಿತು.

ಅರಸು 1980ರಲ್ಲಿ ಅಧಿಕಾರ ಬಿಟ್ಟರು. 1982ರಲ್ಲಿ ತೀರಿಕೊಂಡರು.