ತಲಾಂತು ಎಂದರೆ ಎಷ್ಟು?

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ಬಸ್ಸು. ಪಕ್ಕದಲ್ಲಿ ಕೂತ ಹಿರಿಯರ ಕೈಯಲ್ಲಿ ರಟ್ಟು ಸವೆದ ಸತ್ಯವೇದ. ತೆರೆದಿದ್ದು ಮತ್ತಾಯನ 25ನೇ ಅಧ್ಯಾಯ. ‘ತಲಾಂತು ಅಂದ್ರ ಜಾಣತನ ಅಲ್ಲೇನ್ರೀ?’ ಎಂದರು.

ಚರ್ಚಿನ ಮಾತಿನಲ್ಲಿ ಹಾಗೆಯೇ ರೂಢಿ. ಮೂಲದಲ್ಲಿ ಅದು ಬೆಳ್ಳಿಯ ತೂಕ, ಸುಮಾರು 6,000 ದೆನಾರಿಯಸ್ ನಾಣ್ಯ. ಒಂದು ನಾಣ್ಯ ಕೂಲಿಯವನ ಒಂದು ದಿನದ ಸಂಬಳ. ಅಂದರೆ ಆ ಅಧ್ಯಾಯದ ಸಾಮ್ಯದಲ್ಲಿ ಸೇವಕನೊಬ್ಬ ಮಣ್ಣಲ್ಲಿ ಹೂತಿಟ್ಟ ಒಂದು ತಲಾಂತು ಹತ್ತಿರಹತ್ತಿರ 20 ವರ್ಷದ ದುಡಿಮೆ! ಹಿರಿಯರು ಕಣ್ಣರಳಿಸಿದರು.

ಇಷ್ಟನ್ನು ಹೇಳಲು ಒಂದು ಒಳ್ಳೆಯ ಅಡಿಟಿಪ್ಪಣಿ ಸಾಕು. ಸತ್ಯವೇದದ ಹಳೆಯ ಕನ್ನಡ ಮಾತಿಗೆ 1894ರ ಕಿಟೆಲ್ ನಿಘಂಟು ಇದೆ. ಅದರಲ್ಲಿ ಬರುವ ಊರು, ನದಿಗೆ ನಕಾಶೆ ಬೇಕು. ವ್ಯಾಖ್ಯಾನ ಕೊಳ್ಳುವಾಗ ಬರೆದವರು ಯಾರು, ಯಾವ ಸಭೆಯವರು ಎಂದು ಮೊದಲು ನೋಡಬೇಕು. ಎಲ್ಲಕ್ಕೂ ಉತ್ತರ ಕೊಡುವ ಪುಸ್ತಕವನ್ನು ನಾನಂತೂ ನಂಬುವುದಿಲ್ಲ. ಮೊಬೈಲಿಗೆ ಬರುವ ವಿಡಿಯೊವನ್ನು ನಂಬುವುದೇ ಇಲ್ಲ.

ಅನುವಾದಗಳನ್ನು ಹೋಲಿಸಿ ಓದಲು ಬೀದರ ಸೀಮೆಯವರಿಗೆ ಒಂದು ಅನುಕೂಲವುಂಟು: ಕನ್ನಡದ ಜೊತೆಗೆ ಮರಾಠಿ, ತೆಲುಗು, ಉರ್ದು ಕೇಳುತ್ತಲೇ ಬೆಳೆದವರು. ಇವತ್ತು ಸಂಜೆ ಅದೇ ಅಧ್ಯಾಯವನ್ನು ಎರಡು ಭಾಷೆಗಳಲ್ಲಿ ಪಕ್ಕಪಕ್ಕ ಇಟ್ಟು ಓದಿ ನೋಡಿ.