ನಲವತ್ತೆರಡನೆಯ ದಿನದ ಬೀಡಿ



ಆಲೂರು, ಸಕಲೇಶಪುರದ ಸೀಮೆಯಲ್ಲಿ ಬೀಡಿ ಸಿಗರೇಟಿನ ಮಾತು ಬಂದರೆ ಮೊದಲು ಕೇಳಿಬರುವ ಸಮಜಾಯಿಷಿ ಚಳಿಯದು. ಆರಿದ್ರಾ ಮಳೆ ಹಿಡಿಯಿತೆಂದರೆ ಪುನರ್ವಸು, ಪುಷ್ಯ ಕಳೆಯುವ ತನಕ ಬಿಸಿಲಿನ ಮುಖ ಕಾಣುವುದು ಅಪರೂಪ. ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಕಾಲಿಗೆ ಜಿಗಣೆ, ಮೈಮೇಲೆ ಒಣಗದ ಬಟ್ಟೆ. ಕಾಫಿ ತೋಟದಲ್ಲಿ ದುಡಿಯುವವನಿಗೂ, ನಾಟಿಗೆಂದು ಗದ್ದೆಗಿಳಿದವನಿಗೂ ಒಂದು ಬೀಡಿ ಹಚ್ಚಿಕೊಂಡರೆ ಮೈ ಬೆಚ್ಚಗಾಗುತ್ತದೆ ಎಂಬುದು ಈ ಬೆಟ್ಟಗಳಲ್ಲಿ ಬೇರೂರಿದ ನಂಬಿಕೆ.

ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ರಕ್ತಕ್ಕೆ ಸೇರಿದೊಡನೆ ಚರ್ಮದಡಿಯ ಸಣ್ಣ ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ. ಬೆರಳ ತುದಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ, ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಬೆಚ್ಚಗಾಯಿತು ಎನ್ನಿಸುವುದು ತುಟಿಯ ಬಳಿಯ ಕೆಂಡದಿಂದ, ಗಂಟಲಿಗಿಳಿದ ಬಿಸಿ ಹೊಗೆಯಿಂದ. ಬೀಡಿ ಏನನ್ನು ಕೊಡುತ್ತೇನೆಂದು ಹೇಳುತ್ತದೆಯೋ ಅದನ್ನೇ ಕಸಿದುಕೊಳ್ಳುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಈ ಚಟದ ಉಳಿದ ಕಥೆಯೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಹೊಗೆಸೊಪ್ಪು ಈ ನೆಲದ ಗಿಡವಲ್ಲ. ಅಮೆರಿಕ ಖಂಡದ ಗಿಡ. ಅದನ್ನು ಇಂಡಿಯಾದ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಅದು ಮೊಗಲರ ಆಸ್ಥಾನ ತಲುಪಿದ್ದು ಕನ್ನಡ ನಾಡಿನ ಮೂಲಕ. ಅಕ್ಬರನ ರಾಯಭಾರಿ ಅಸದ್ ಬೇಗ್ ವಿಜಾಪುರದ ಆದಿಲಶಾಹಿ ಆಸ್ಥಾನಕ್ಕೆ ಬಂದಿದ್ದಾಗ ಅಲ್ಲಿ ಹೊಗೆಸೊಪ್ಪನ್ನು ಮೊದಲ ಬಾರಿಗೆ ಕಂಡು ಬೆರಗಾಗಿ, 1604ರ ಸುಮಾರಿಗೆ ಒಂದಷ್ಟು ಸೊಪ್ಪನ್ನೂ ಅಂದವಾದ ಒಂದು ಕೊಳವೆಯನ್ನೂ ಆಗ್ರಾಕ್ಕೆ ಕೊಂಡೊಯ್ದ. ಹಕೀಮರು ಬೇಡವೆಂದರೂ ಬಾದಶಹ ಎರಡು ದಮ್ಮು ಎಳೆದು ನೋಡಿದ. ಅವನು ಅದಕ್ಕೆ ಅಂಟಿಕೊಳ್ಳಲಿಲ್ಲ, ಸರದಾರರು ಅಂಟಿಕೊಂಡರು. ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ಹೊಗೆಸೊಪ್ಪನ್ನು ಹಳಿದು ಒಂದು ಪುಸ್ತಿಕೆಯನ್ನೇ ಬರೆದ. 1617ರಲ್ಲಿ ಜಹಾಂಗೀರ್ ತನ್ನ ರಾಜ್ಯದಲ್ಲಿ ಧೂಮಪಾನ ಕೂಡದೆಂದು ಆಜ್ಞೆ ಹೊರಡಿಸಿದ. ಪರ್ಷಿಯಾದ ಷಾ ಅಬ್ಬಾಸನೂ ಹಾಗೆಯೇ ನಿಷೇಧ ಹೇರಿದ್ದ. ಆದರೆ ಅಲ್ಲಿಗೆ ರಾಯಭಾರಿಯಾಗಿ ಹೋದ ಜಹಾಂಗೀರನ ಸರದಾರ ಖಾನ್ ಆಲಂ ಹೊಗೆಯಿಲ್ಲದೆ ಒಂದು ಗಳಿಗೆಯೂ ಇರಲಾರದ ಮನುಷ್ಯ. ಎರಡು ಸಾಮ್ರಾಜ್ಯಗಳ ನಿಷೇಧವೂ ಅವನೊಬ್ಬನ ಚಟವನ್ನು ಬಿಡಿಸಲಾರದೆ ಹೋಯಿತು.

ಅಲ್ಲಿಂದ ಈ ಮಲೆಗಳಿಗೆ ಬಂದರೆ, ಇಲ್ಲಿ ಹೊಗೆಸೊಪ್ಪು ಎರಡು ದಿಕ್ಕಿನಿಂದ ಮುತ್ತಿಗೆ ಹಾಕಿದೆ. ಶಿರಾಡಿ ಘಾಟಿಯ ಕೆಳಗೆ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ತೆಂಡು ಎಲೆಯಲ್ಲಿ ಬೀಡಿ ಕಟ್ಟುತ್ತ ಎಷ್ಟೋ ಸಂಸಾರಗಳನ್ನು ಸಾಕಿದ್ದಾರೆ. ಇನ್ನೊಂದು ಪಕ್ಕದಲ್ಲಿ, ಇದೇ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಸಿಗರೇಟಿಗೆ ಬೇಕಾದ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತದೆ. ಅದನ್ನು ಬ್ಯಾರನ್‌ಗಳಲ್ಲಿ ಸೌದೆಯ ಬಿಸಿಗೆ ಹದಮಾಡಿ ರಾಮನಾಥಪುರದ ಹರಾಜು ಕಟ್ಟೆಗೆ ಒಯ್ಯುತ್ತಾರೆ. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿ ಆ ಹರಾಜನ್ನು ನಡೆಸುತ್ತದೆ. ಒಂದು ತಾಲ್ಲೂಕಿನ ಅನ್ನ ಪಕ್ಕದ ತಾಲ್ಲೂಕಿನ ಕೆಮ್ಮಾಗಿರುವುದು ಹೀಗೆ. ಬೆಳೆಯುವವನನ್ನೂ ಕಟ್ಟುವವಳನ್ನೂ ಬೈದು ಪ್ರಯೋಜನವಿಲ್ಲ. ಆದರೆ ಸೇದುವವನು ತಾನು ಎಂಥ ದೊಡ್ಡ ಬಲೆಯ ಒಂದು ತುದಿಯಲ್ಲಿದ್ದೇನೆಂದು ತಿಳಿಯುವುದು ಒಳ್ಳೆಯದು.

ಸಿಗರೇಟಿಗಿಂತ ಬೀಡಿ ಸಾಧು ಎಂಬ ಮಾತೂ ಉಂಟು. ಎಲೆಯಲ್ಲಿ ಸುತ್ತಿದ್ದು, ಕಾಗದ ಇಲ್ಲ, ಹೊಗೆಸೊಪ್ಪೂ ಸ್ವಲ್ಪವೇ ಎನ್ನುತ್ತಾರೆ. ಆದರೆ ತೆಂಡು ಎಲೆಯೊಳಗೆ ಗಾಳಿ ಸುಲಭವಾಗಿ ನುಸುಳದು. ಬೀಡಿ ಆರದಂತೆ ನೋಡಿಕೊಳ್ಳಲು ಬೇಗ ಬೇಗ, ಬಲವಾಗಿ ಎಳೆಯಬೇಕು. ಎಳೆದಷ್ಟೂ ಹೊಗೆ ಆಳಕ್ಕಿಳಿಯುತ್ತದೆ. ಇಂಡಿಯಾದ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಸಮೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಬೀಡಿ ಸೇದುವ ಗಂಡಸು ಸೇದದವನಿಗಿಂತ ಸುಮಾರು 6 ವರ್ಷ ಮೊದಲೇ ಸಾಯುತ್ತಾನೆ. ಬೀಡಿ ಸೇದುವ ಹೆಂಗಸು ಕಳೆದುಕೊಳ್ಳುವುದು ಸುಮಾರು 8 ವರ್ಷ. ಸಿಗರೇಟು ಸೇದುವ ಗಂಡಸಿನದು ಸುಮಾರು 10 ವರ್ಷ.

ಇಷ್ಟೆಲ್ಲ ಗೊತ್ತಿದ್ದೂ ಏಕೆ ಬಿಡುವುದಿಲ್ಲ? ಮನೆಯವರು ಕೇಳುವುದು ಇದನ್ನೇ. ಸೇದುವವನೂ ತನ್ನನ್ನು ತಾನು ಕೇಳಿಕೊಳ್ಳುವುದು ಇದನ್ನೇ. ಯುಗಾದಿಗೆ ಬಿಡುತ್ತೇನೆ ಎಂದವನು ಗೌರಿಹಬ್ಬಕ್ಕೂ ಅದೇ ಮಾತು ಹೇಳುತ್ತಿರುತ್ತಾನೆ. ಊರಿನವರು ಅದನ್ನು ಮನೋಬಲದ ಕೊರತೆ ಎಂದು ತೀರ್ಮಾನಿಸಿಬಿಡುತ್ತಾರೆ.

ಒಂದು ದಮ್ಮು ಎಳೆದ ಹತ್ತು ಸೆಕೆಂಡಿನೊಳಗೆ ನಿಕೋಟಿನ್ ಮೆದುಳನ್ನು ಮುಟ್ಟುತ್ತದೆ. ಅಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಹಿತವೆನಿಸುತ್ತದೆ. ಎರಡು ಗಂಟೆಗಳಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕಿಳಿಯುತ್ತದೆ. ಆಗ ಚಡಪಡಿಕೆ, ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಶುರುವಾಗುತ್ತದೆ. ಇನ್ನೊಂದು ಹಚ್ಚಿದರೆ ಎಲ್ಲ ಶಾಂತ. ಸೇದಿದರೆ ಟೆನ್ಷನ್ ಕಡಿಮೆಯಾಗುತ್ತದೆ ಎನ್ನುತ್ತಾರಲ್ಲ, ಕಡಿಮೆಯಾಗುವ ಟೆನ್ಷನ್ನಿನ ಬಹುಪಾಲು ಹಿಂದಿನ ಸಿಗರೇಟು ಹುಟ್ಟಿಸಿದ್ದು. ಚಳಿಯ ವಿಷಯದಲ್ಲಿ ಕಂಡ ಮೋಸವೇ ಇಲ್ಲಿಯೂ ಇದೆ. ಯಾವ ನೆರವೂ ಇಲ್ಲದೆ ಬಿಡಲು ಹೊರಟ 100 ಜನರಲ್ಲಿ ವರ್ಷದ ತನಕ ಬಿಟ್ಟೇ ಇರುವವರು 3ರಿಂದ 5 ಮಂದಿ. ಉಳಿದವರೆಲ್ಲ ದುರ್ಬಲರೆಂದು ಹೇಳಲಾದೀತೆ?

ಹಾಗಾದರೆ ಬಿಡುವುದು ಆಗದ ಕೆಲಸವೆ? ಅಲ್ಲ ಎನ್ನುವುದಕ್ಕೆ ಸಾಕ್ಷಿ ಈ ಬೆಟ್ಟಗಳಲ್ಲೇ ವರ್ಷ ವರ್ಷವೂ ಕಾಣಸಿಗುತ್ತದೆ. ನವೆಂಬರ್ ನಡುವಿನಲ್ಲಿ, ಕಾಫಿ ಹಣ್ಣಾಗುವ ಹೊತ್ತಿಗೆ, ಎಷ್ಟೋ ಗಂಡಸರು ಅಯ್ಯಪ್ಪಸ್ವಾಮಿಯ ಮಾಲೆ ಹಾಕುತ್ತಾರೆ. ದಿನಕ್ಕೆ ಎರಡು ಪ್ಯಾಕು ಸೇದುತ್ತಿದ್ದವನು ಮಾಲೆ ಕೊರಳಿಗೆ ಬಿದ್ದ ದಿನವೇ ನಿಲ್ಲಿಸುತ್ತಾನೆ. 41 ದಿನ ಮುಟ್ಟುವುದಿಲ್ಲ. ಅದೇ ಬೆಟ್ಟದ ಮುಸಲ್ಮಾನ ರಂಜಾನಿನಲ್ಲಿ ನಸುಕಿನಿಂದ ಸಂಜೆಯ ತನಕ ಹೊಗೆಯ ಸುದ್ದಿಗೆ ಹೋಗುವುದಿಲ್ಲ. ಎಂಥ ಚಟಗಾರನೂ ತಂದೆಯ ಎದುರು, ಮಾವನ ಎದುರು ಗಂಟೆಗಟ್ಟಲೆ ಸುಮ್ಮನಿರಬಲ್ಲ. ಮನೋಬಲ ಇಲ್ಲವೆನ್ನುವ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ವೈದ್ಯಶಾಸ್ತ್ರದ ಲೆಕ್ಕವನ್ನು ಈ ವ್ರತದ ಪಕ್ಕದಲ್ಲಿಟ್ಟು ನೋಡಿ. ನಿಕೋಟಿನ್ ನಿಲ್ಲಿಸಿದ ಮೇಲೆ ಮೊದಲ 3 ದಿನ ಬಲು ಕಷ್ಟದವು. ಒಂದು ವಾರ ಕಳೆದರೆ ಬಿಗಿ ಸಡಿಲುತ್ತದೆ. ಹೆಚ್ಚಿನವರಲ್ಲಿ 3-4 ವಾರಗಳಿಗೆ ಮೈಯ ಕಾಟ ತಣಿಯುತ್ತದೆ. ಅಂದರೆ 28-30 ದಿನಗಳಷ್ಟು ಹೊತ್ತಿಗೆ ಮಾಲಾಧಾರಿಯ ದೇಹ ಬಹುಮಟ್ಟಿಗೆ ಬಿಡುಗಡೆ ಪಡೆದಿರುತ್ತದೆ. ಕಷ್ಟದ ಏರನ್ನು ಅವನು ಆಗಲೇ ಹತ್ತಿ ಇಳಿದಿದ್ದಾನೆ. ಆದರೂ ಶಬರಿಮಲೆಯಿಂದ ಹಿಂತಿರುಗಿ ಮಾಲೆ ತೆಗೆದ ಮರುದಿನ, ನಲವತ್ತೆರಡನೆಯ ದಿನ, ಗೂಡಂಗಡಿಯ ಮುಂದೆ ನಿಂತು ಒಂದು ಹಚ್ಚುತ್ತಾನೆ. ಅದನ್ನು ಕೇಳಿದ್ದು ಮೈಯಲ್ಲ. ಕೇಳಿದ್ದು ಕಾಫಿಯ ಲೋಟ, ಜೊತೆಗಾರ ಚಾಚಿದ ಕಟ್ಟು, ಕೆಲಸದ ನಡುವಿನ ಬಿಡುವು. ವರ್ಷಗಟ್ಟಲೆ ಈ ಒಂದೊಂದು ಗಳಿಗೆಗೂ ಬೀಡಿಯನ್ನು ಗಂಟು ಹಾಕಿದ್ದಾಗಿದೆ. ಗಳಿಗೆ ಬಂದರೆ ಬೀಡಿಯ ನೆನಪೂ ಬರುತ್ತದೆ.

ವ್ರತ ಅಷ್ಟು ದಿನ ಕಾಪಾಡಿದ್ದು ಹೇಗೆ? ಅದಕ್ಕೆ ಗೊತ್ತುಮಾಡಿದ ಒಂದು ದಿನ ಇತ್ತು. ಕೊರಳಲ್ಲಿ ಎಲ್ಲರಿಗೂ ಕಾಣುವ ಗುರುತು ಇತ್ತು. ಜೊತೆಗೆ ಅದೇ ವ್ರತದ ನಾಲ್ಕಾರು ಮಂದಿ ಇದ್ದರು. 'ಸ್ವಾಮಿ' ಎಂದು ಕರೆಯುವವರು ಬೀಡಿ ಚಾಚುತ್ತಿರಲಿಲ್ಲ. ಸ್ನಾನ, ಪೂಜೆ, ಭಜನೆಗಳಿಂದ ದಿನಚರಿಯೇ ಬದಲಾಗಿತ್ತು. ಬಿಡಿಸುವ ಚಿಕಿತ್ಸಾಲಯಗಳು ಹೇಳಿಕೊಡುವುದೂ ಹೆಚ್ಚುಕಡಿಮೆ ಇದನ್ನೇ: ದಿನ ಗೊತ್ತುಮಾಡಿ, ನಾಲ್ಕು ಜನರಿಗೆ ತಿಳಿಸಿ, ಜೊತೆ ಹುಡುಕಿ, ದಿನಚರಿ ಬದಲಿಸಿ. ವ್ರತದಲ್ಲಿ ಇರುವ ಒಂದೇ ತೊಡಕೆಂದರೆ ಅದಕ್ಕೆ ಕೊನೆಯ ದಿನವೂ ಗೊತ್ತಾಗಿದೆ.

ಆದ್ದರಿಂದ ನಿಜವಾದ ಕೆಲಸ ಗಂಟುಗಳನ್ನು ಬಿಚ್ಚುವುದು. ಕಾಫಿಯೊಂದಿಗೆ ಸೇದುವವನು ಕೆಲವು ವಾರ ಕಾಫಿಯ ಜಾಗವನ್ನೋ ಹೊತ್ತನ್ನೋ ಬದಲಿಸಬೇಕು. ತೋಟದ ಆಳಿಗೆ ಬೀಡಿಯೆಂದರೆ ಹತ್ತು ನಿಮಿಷ ಕೂರುವ ಪರವಾನಗಿಯೂ ಹೌದು. ಸೇದುವವನು ಕುಳಿತರೆ ಮೇಸ್ತ್ರಿ ಸುಮ್ಮನಿರುತ್ತಾನೆ, ಸುಮ್ಮನೆ ಕುಳಿತವನನ್ನು ಗದರುತ್ತಾನೆ. ಬೀಡಿಯಿಲ್ಲದೆಯೂ ಬಿಡುವು ಸಿಗುವಂತಾದರೆ ಒಂದು ದೊಡ್ಡ ಗಂಟು ತಾನೇ ಸಡಿಲಾಗುತ್ತದೆ. ಕಡಿಮೆ ಮಾಡುತ್ತ ಬರುತ್ತೇನೆ ಎನ್ನುವವರು ಎಚ್ಚರವಾಗಿರಬೇಕು. ಹತ್ತರ ಬದಲು ಐದು ಸೇದುವವನು ಅರಿವಿಲ್ಲದೆಯೇ ಒಂದೊಂದನ್ನೂ ಆಳವಾಗಿ ಎಳೆದು ಲೆಕ್ಕ ಸರಿಮಾಡಿಕೊಂಡುಬಿಡುತ್ತಾನೆ. ಬೀಡಿ ಬಿಟ್ಟು ಎಲೆಅಡಿಕೆಗೆ ಹೊಗೆಸೊಪ್ಪು, ಕಡ್ಡಿಪುಡಿ ಸೇರಿಸಿಕೊಳ್ಳುವುದೂ ಬಿಟ್ಟಂತಲ್ಲ. ಶ್ವಾಸಕೋಶದಿಂದ ಹೊರಟ ಅಪಾಯ ಬಾಯಿಯಲ್ಲಿ ಮನೆ ಮಾಡಿತು, ಅಷ್ಟೆ.

ನೆರವೂ ದೂರವಿಲ್ಲ. 2002ರಲ್ಲಿ ದೇಶದಲ್ಲಿ ಮೊದಲು ತೆರೆದ ತಂಬಾಕು ಬಿಡಿಸುವ ಚಿಕಿತ್ಸಾಲಯಗಳ ಪೈಕಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳದೂ ಇದ್ದವು. 1800-11-2356 ಎಂಬ ಉಚಿತ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಹೊಗೆಯಿಲ್ಲದೆ ಅಲ್ಪ ಪ್ರಮಾಣದ ನಿಕೋಟಿನ್ ಕೊಡುವ ಚೂಯಿಂಗ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ವೈದ್ಯರನ್ನು ಕೇಳಿ ಅದನ್ನು ಬಳಸಿದರೆ ಗೆಲ್ಲುವ ಸಾಧ್ಯತೆ ಒಂದೂವರೆ ಪಟ್ಟಾಗುತ್ತದೆ. ಕಾನೂನೂ ಜೊತೆಗಿದೆ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದು ದೇಶದಾದ್ಯಂತ ನಿಷಿದ್ಧ. ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ 21 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನೂ ಒಂದೊಂದೇ ಸಿಗರೇಟು ಬಿಡಿಯಾಗಿ ಮಾರುವುದನ್ನೂ ತಡೆದಿದೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದವರು ಶೇಕಡ 22.8. ಅದಕ್ಕೆ ಏಳು ವರ್ಷ ಹಿಂದೆ ಅದು ಶೇಕಡ 28.2 ಇತ್ತು. ಬಿಡುವವರು ಬಿಡುತ್ತಲೇ ಇದ್ದಾರೆ, ಹೊಸಬರಲ್ಲಿ ಹಲವರು ಹಿಡಿಯುತ್ತಲೇ ಇಲ್ಲ.

ಇನ್ನು ಈ ವಯಸ್ಸಿನಲ್ಲಿ ಬಿಟ್ಟು ಆಗಬೇಕಾದ್ದೇನು ಎನ್ನುವ ಹಿರಿಯರಿಗೆ ಒಂದು ಲೆಕ್ಕ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷ ಹಿಂಬಾಲಿಸಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ವರದಿಯಂತೆ, 60ನೇ ವಯಸ್ಸಿನಲ್ಲಿ ಬಿಟ್ಟವರು ಸುಮಾರು 3 ವರ್ಷ ಆಯಸ್ಸನ್ನು ಮರಳಿ ಪಡೆದರು. 50ರಲ್ಲಿ ಬಿಟ್ಟವರು 6 ವರ್ಷ, 40ರಲ್ಲಿ ಬಿಟ್ಟವರು 9 ವರ್ಷ. 30ರಲ್ಲಿ ಬಿಟ್ಟವರು ಕಳೆಯಲಿದ್ದ 10 ವರ್ಷವನ್ನೂ ಬಹುತೇಕ ಉಳಿಸಿಕೊಂಡರು. ಮೊಮ್ಮಗಳ ಮದುವೆ ನೋಡಲು 3 ವರ್ಷವೇನು ಕಡಿಮೆಯೆ?

ಬಿಟ್ಟು ಮತ್ತೆ ಹಿಡಿದವರನ್ನು ಯಾರೂ ಹಂಗಿಸಬಾರದು. ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ, ಯಾವ ಗಂಟು ಮತ್ತೆ ಬಿಗಿಯಿತೆಂದು ಅವರಿಗೆ ಗೊತ್ತಾಗಿದೆ. ಮುಂದಿನ ಯತ್ನಕ್ಕೆ ಅದೇ ಬಂಡವಾಳ. ಈ ವರ್ಷ ಮಾಲೆ ಹಾಕುವವರ ಮನೆಯವರೂ ಜೊತೆಗಾರರೂ ಮಾಡಬಹುದಾದ್ದು ಒಂದಿದೆ. ಮಾಲೆ ತೆಗೆದ ಮರುದಿನ ಆ ಮನುಷ್ಯನನ್ನು ಗೂಡಂಗಡಿಯ ಮುಂದೆ ಒಬ್ಬನೇ ನಿಲ್ಲಲು ಬಿಡಬೇಡಿ. 'ಸ್ವಾಮಿ' ಎಂದು ಕರೆಯುವುದನ್ನು ಇನ್ನಷ್ಟು ದಿನ ಮುಂದುವರಿಸಿ.